ಪಂಪಾಸಾಗರ: ಒಳನಾಡಿನ ಕಡಲೊಂದರ ಚರಿತ್ರೆ

ನಮ್ಮ ಹಿರಿಯರು ಕೆರೆಗೆ ಹೆಸರಿಡುವಾಗ ಸಂಕೋಚಪಟ್ಟವರಲ್ಲ. ಎರಡು ಗುಡ್ಡಗಳ ನಡುವೆ ಏರಿ ಹಾಕಿ, ಅದರ ಹಿಂದೆ ನಿಂತ ನೀರನ್ನು ಸಮುದ್ರವೆಂದೋ ಸಾಗರವೆಂದೋ ಕರೆದುಬಿಡುತ್ತಿದ್ದರು. ಅಂಕಸಮುದ್ರ, ಬುಕ್ಕಸಾಗರ, ರಾಮಸಾಗರ ಮುಂತಾದ ಊರುಗಳು ನಮ್ಮ ಸೀಮೆಯಲ್ಲಿ ಇಂದಿಗೂ ಉಂಟು. ಕಡಲನ್ನು ಕಣ್ಣಾರೆ ಕಾಣದ ಬಯಲುಸೀಮೆಯವರ ಅತಿಶಯೋಕ್ತಿ ಇದೆಂದು ನಗುವವರು ಇರಬಹುದು. ಆದರೆ ೧೯೫೩ನೆಯ ಇಸವಿಯಲ್ಲಿ ಮಲ್ಲಾಪುರದ ಬಳಿ ತುಂಗಭದ್ರೆಯನ್ನು ತಡೆದು ನಿಲ್ಲಿಸಿದ ನೀರಿಗೆ ಪಂಪಾಸಾಗರವೆಂಬ ಹೆಸರು ಬಂದಾಗ ಅದನ್ನು ಅತಿಶಯೋಕ್ತಿಯೆನ್ನಲು ಯಾರಿಗೂ ಬಾಯಿ ಬಂದಿರಲಾರದು. ತುಂಬಿದಾಗ ಅದರ ಹರವು ೩೭೮ ಚದರ ಕಿಲೋಮೀಟರು. ಇದರಡಿಯಲ್ಲಿ ತೊಂಬತ್ತು ಹಳ್ಳಿಗಳು ಮುಳುಗಿ, ೫೪,೦೦೦ಕ್ಕೆ ಮೀರಿದ ಜನರು ನೆಲೆ ಬಿಟ್ಟು ಎದ್ದು ಹೋದರು. ಹಳೆಯ ನಾರಾಯಣದೇವರಕೆರೆ ಎಂಬ ಊರು ಹೀಗೆ ನೀರಿನ ಪಾಲಾದುದು. ಊರಿನ ಹೆಸರಿನಲ್ಲಿಯೇ ಕೆರೆಯಿದ್ದುದನ್ನು ವಿಧಿಯ ವಿನೋದವೆನ್ನಬೇಕು.

ಪಾಠಶಾಲೆಯಲ್ಲಿ ನಿರುಕ್ತವನ್ನು ಓದಿದವರಿಗೆ ಸಮುದ್ರಶಬ್ದದ ನಿರ್ವಚನ ನೆನಪಿರಬಹುದು. ಯಾಸ್ಕಾಚಾರ್ಯರು ಒಂದೇ ಶಬ್ದಕ್ಕೆ ಹಲವು ವ್ಯುತ್ಪತ್ತಿಗಳನ್ನು ಸೂಚಿಸಿರುವರು. ಯಾವುದರಿಂದ ನೀರುಗಳು ಹೊರಟು ಹರಿಯುವುವೋ ಅದು ಸಮುದ್ರ. ಯಾವುದರ ಕಡೆಗೆ ನೀರುಗಳು ಕೂಡಿ ಓಡಿಬರುವುವೋ ಅದು ಸಮುದ್ರ. ಯಾವುದರಲ್ಲಿ ಪ್ರಾಣಿಗಳು ಸಂತೋಷಪಡುವುವೋ ಅದು ಸಮುದ್ರ. ನಿಂತ ನೀರೆಂಬ ಅರ್ಥವನ್ನು ಅವರು ಎಲ್ಲಿಯೂ ಹೇಳಲಿಲ್ಲ. ಸಾಗರವೆಂಬುದಾದರೋ ಸಗರಪುತ್ರರು ಅಗೆದುದೆಂಬ ಪುರಾಣಪ್ರಸಿದ್ಧಿಯಿಂದ ಬಂದುದು, ಅರ್ಥಾತ್ ಮನುಷ್ಯಕೃತವಾದುದು. ಆದಕಾರಣ ನಮ್ಮ ಜಲಾಶಯಕ್ಕೆ ಸಾಗರವೆಂಬ ಹೆಸರು ಒಪ್ಪತಕ್ಕದ್ದೇ. ಸಮುದ್ರಶಬ್ದದ ಅರ್ಥಗಳು ಅದಕ್ಕೆ ಎಷ್ಟುಮಟ್ಟಿಗೆ ಸಲ್ಲುವುವೆಂಬುದು ವಿಚಾರಾರ್ಹವಾದ ಸಂಗತಿ. ನೀರು ಒಳಬರುವುದು, ಹೊರಹೋಗುವುದು, ಒಳಗೇ ಮೇಲುಕೆಳಗಾಗಿ ಬೆರೆಯುವುದು, ಈ ಮೂರರ ಮೇಲೆ ಅದರೊಳಗಿನ ಜೀವಿಗಳ ಸಂತೋಷವು ಹೇಗೆ ನಿಂತಿದೆಯೆಂಬುದನ್ನು ನಮ್ಮ ಸೀಮೆಯ ಜಲಚರಿತ್ರೆಯ ಮೂಲಕ ನೋಡಲು ಇಲ್ಲಿ ಪ್ರಯತ್ನಿಸಲಾಗಿದೆ.

ಮೊದಲು ಪ್ರಾಚೀನರ ಮಾತು. ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಡಪೆಯ ಸೀಮೆಯ ಪೋರುಮಾಮಿಳ್ಳದಲ್ಲಿ ಅನಂತರಾಜಸಾಗರವೆಂಬ ಕೆರೆಯನ್ನು ಕಟ್ಟಿಸಿದನು. ಅಲ್ಲಿನ ೧೩೬೯ನೆಯ ಇಸವಿಯ ಸಂಸ್ಕೃತ ಶಾಸನವು ತಟಾಕಕ್ಕೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಎಣಿಸಿದೆ. ಜಲಶಾಸ್ತ್ರವನ್ನು ಬಲ್ಲ ಪಂಡಿತನು, ಗಟ್ಟಿ ಮಣ್ಣಿನ ನೆಲ, ದೂರದಿಂದ ಹರಿದು ಬರುವ ಸಿಹಿನೀರಿನ ಹೊಳೆ, ವಿಸ್ತಾರವೂ ಆಳವೂ ಆದ ಒಡಲು ಇವುಗಳ ಜೊತೆಗೆ ಸುಳಿಗಳುಳ್ಳ ಜಲಮಾರ್ಗವೂ ಒಂದು ಸಾಧನವೆಂದು ಅಲ್ಲಿ ಹೇಳಿದೆಯೆಂಬುದಾಗಿ ವಿದ್ವಾಂಸರು ಅರ್ಥಮಾಡಿರುವರು. ಸುಳಿಯಿಂದ ನೀರಿಗೆ ಪ್ರಾಣವಾಯು ಸೇರುವುದೆಂದು ಆ ಶಾಸನಕಾರನು ಬಲ್ಲವನಾಗಿದ್ದನೆಂದು ನಾನು ಸಾಧಿಸಹೊರಟಿಲ್ಲ. ಹಳೆಯ ಗ್ರಂಥಗಳಲ್ಲಿ ಹೊಸ ವಿಜ್ಞಾನವನ್ನೆಲ್ಲ ಕಾಣುವ ಚಪಲ ನಮ್ಮವರಲ್ಲಿ ಈಗಾಗಲೇ ಸಾಕಷ್ಟಿದೆ. ಆದರೂ ನಿಂತ ನೀರಿಗಿಂತ ತಿರುಗುವ ನೀರು ಮೇಲೆಂಬ ಅನುಭವ ಅವರಿಗಿದ್ದಿತೆಂಬುದು ಸ್ಪಷ್ಟ. ದೋಷಗಳ ಪಟ್ಟಿಯಲ್ಲಿ ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದೂ ಒಂದು. ಮದರಾಸು ಪ್ರಾಂತಕ್ಕೂ ಹೈದರಾಬಾದು ಸಂಸ್ಥಾನಕ್ಕೂ ಗಡಿಯಾಗಿದ್ದ ತುಂಗಭದ್ರೆಯ ಮೇಲೆ ೧೯೪೫ನೆಯ ಇಸವಿಯ ಫೆಬ್ರವರಿ ೨೮ರಂದು ಎರಡೂ ದಡಗಳಲ್ಲಿ ಶಂಕುಸ್ಥಾಪನೆ ಮಾಡಿದವರು ಈ ಶಾಸನವನ್ನು ಓದಿದ್ದರೋ ಇಲ್ಲವೋ!

ಹೊಸಪೇಟೆಯ ದಕ್ಷಿಣಕ್ಕೆ, ನಮ್ಮ ಸಂಡೂರಿನ ಕಡೆಯ ಗುಡ್ಡಸಾಲು ಬಾಯಿ ತೆರೆಯುವಲ್ಲಿ, ರಾಯರ ಕೆರೆಯ ಮಹತ್ತಾದ ಏರಿಯು ಇಂದಿಗೂ ನಿಂತಿದೆ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯಸನು ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ಕೆರೆಯೊಂದನ್ನು ವರ್ಣಿಸಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನರು ಇರುವೆಗಳಂತೆ ಮುತ್ತಿಕೊಂಡು, ಕಾಲಿಡುವ ನೆಲ ಕಾಣದಂತೆ ಕೆಲಸಮಾಡುತ್ತಿದ್ದರಂತೆ. ಏರಿಯು ಎರಡು ಮೂರು ಬಾರಿ ಒಡೆಯಿತೆಂದೂ, ಅದಕ್ಕಾಗಿ ಬಲಿಗಳು ನಡೆದುವೆಂದೂ ಅವನು ಬರೆದಿರುವನು. ಅವನ ತರುವಾಯ ಬಂದ ನೂನಿಜನು ಈ ಕಾರ್ಯದಲ್ಲಿ ಪೋರ್ಚುಗೀಸ್ ಕಲ್ಲುಕೆಲಸದವನೊಬ್ಬನ ಸಹಾಯವನ್ನೂ ಉಲ್ಲೇಖಿಸುತ್ತಾನೆ. ಪಾಯಸನು ಕಂಡಂತೆ ಕೆರೆಯಲ್ಲಿ ಚೆಲುವಾಗಿ ಕೆತ್ತಿದ ಮೂರು ದೊಡ್ಡ ಕಂಬಗಳಿದ್ದು, ಅವು ಹೊಲಗದ್ದೆಗಳಿಗೆ ನೀರು ಬಿಡುವ ಕೊಳವೆಗಳಿಗೆ ಸೇರಿಕೊಂಡಿದ್ದುವು. ಅವು ತೂಬಿನ ಕಂಬಗಳೇ ಇರಬೇಕು.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಕೆರೆಗಳಿಗೆ ಎರಡು ದಾರಿಗಳುಂಟು: ಕೋಡಿ ಮತ್ತು ತೂಬು. ಕೋಡಿಯು ಮೇಲಿನ ನೀರನ್ನು ಹೊರಗೆ ಹಾಕುತ್ತದೆ. ತೂಬು ತಳದ ನೀರನ್ನು ಎಳೆಯುತ್ತದೆ. ಮಳೆಗಾಲದಲ್ಲಿ ಕೋಡಿ ಹರಿದು, ಬೆಳೆಗಾಲದಲ್ಲಿ ತೂಬು ತೆರೆದು, ಬೇಸಿಗೆಯಲ್ಲಿ ಕೆರೆ ಬತ್ತಿ, ತಳದ ಗೋಡನ್ನು ರೈತರು ಬಂಡಿಗಳಲ್ಲಿ ಹೊಲಗಳಿಗೆ ಹೊತ್ತು, ಉಳಿದ ಮಣ್ಣು ಬಿಸಿಲುಗಾಳಿಗೆ ಒಣಗಿ ಬಿರುಕುಬಿಡುತ್ತಿತ್ತು. ವರ್ಷಕ್ಕೊಮ್ಮೆ ತಳವು ಆಕಾಶವನ್ನು ಕಾಣುತ್ತಿತ್ತೆನ್ನಬಹುದು. ಹೀಗೆ ಕೊಳೆತುದೆಲ್ಲ ವಾಯುವಿನ ಸಂಪರ್ಕದಿಂದ ಶುದ್ಧವಾಗಿ, ಮುಂದಿನ ಮಳೆಗೆ ಕೆರೆಯು ಹೊಸತಾಗುತ್ತಿತ್ತು. ರಾಯರ ಕೆರೆಯಾದರೋ ನೀರನ್ನು ಹಿಡಿದಿಡುವ ಕಾಲ ಎಂದೋ ಮುಗಿದು, ಅದರ ಒಡಲಿನಲ್ಲಿ ಉಳುಮೆ ನಡೆಯುತ್ತಿದೆ.

ನದಿಯ ಮೇಲೆ ವಿಜಯನಗರದ ಅರಸರು ಕಟ್ಟಿದುದು ಬೇರೆ ಜಾತಿಯ ಕಟ್ಟಡ. ವಲ್ಲಭಾಪುರ, ಕೊರಗಲ್ಲು, ತುರ್ತಾ ಮೊದಲಾದ ಅಣೆಗಳು ತಗ್ಗಾದುವು. ಬಂಡೆಯಿಂದ ಬಂಡೆಗೆ ಕಲ್ಲು ಜೋಡಿಸಿ ನೀರನ್ನು ಒಂದಿಷ್ಟು ಏರಿಸಿ, ಕಾಲುವೆಗೆ ಬೇಕಾದಷ್ಟನ್ನು ತಿರುಗಿಸಿಕೊಂಡು, ಉಳಿದುದನ್ನು ತಲೆಯ ಮೇಲೆ ಹರಿಯಬಿಡುತ್ತಿದ್ದರು. ವಲ್ಲಭಾಪುರದ ಅಣೆಯು ೧೫೨೧ರದೆಂದು ಶಾಸನದಿಂದ ತಿಳಿಯುತ್ತದೆ. ಇವುಗಳ ಹಿಂದೆ ಆಳವಾದ ನಿಶ್ಚಲ ಜಲವು ನಿಲ್ಲಲಿಲ್ಲ; ಹೊಳೆಯು ಹೊಳೆಯಾಗಿಯೇ ಉಳಿಯಿತು. ಮೀನು ಅಣೆಯನ್ನು ದಾಟಿ ಮೇಲಕ್ಕೆ ಹೋಗುವಷ್ಟು ಅವಕಾಶವೂ ಮಳೆಗಾಲದಲ್ಲಿ ಇದ್ದಿರಬೇಕು. ಇವುಗಳಲ್ಲಿ ವಲ್ಲಭಾಪುರ, ಕೊರಗಲ್ಲು ಅಣೆಗಳು ಈಗ ಪಂಪಾಸಾಗರದ ತಳದಲ್ಲಿವೆ. ಅವುಗಳಿಂದ ಹೊರಟ ಬಸವಣ್ಣ ಕಾಲುವೆ, ರಾಯ ಕಾಲುವೆಗಳು ಮಾತ್ರ ಅಣೆಕಟ್ಟಿನಿಂದಲೇ ನೀರು ಪಡೆದು ಹೊಸಪೇಟೆ ಕಮಲಾಪುರಗಳ ಕಬ್ಬು ಬಾಳೆಗಳಿಗೆ ಉಣಿಸುತ್ತಿವೆ.

ದೊಡ್ಡ ಅಣೆಕಟ್ಟಿನ ಯೋಚನೆ ೧೮೬೦ರಲ್ಲಿ ಸರ್ ಆರ್ಥರ್ ಕಾಟನ್ನನಿಂದ ಹೊರಟುದು. ೧೮೭೬-೭೮ರ ಕ್ಷಾಮದಲ್ಲಿ ಬಳ್ಳಾರಿಯ ಸೀಮೆ ಪಟ್ಟ ಪಾಡನ್ನು ಬಲ್ಲವರು ಆ ಯೋಚನೆಯನ್ನು ಆಕ್ಷೇಪಿಸಲಾರರು. ೧೯೪೪ರಲ್ಲಿ ಎರಡು ಸರಕಾರಗಳಿಗೂ ಒಪ್ಪಂದವಾಗಿ, ಒಂಬತ್ತು ವರ್ಷಗಳಲ್ಲಿ ನೀರು ನಿಂತಿತು. ಮೊದಲ ಲೆಕ್ಕದಂತೆ ಅದರ ಧಾರಣೆ ಸುಮಾರು ೧೩೨ ಶತಕೋಟಿ ಘನ ಅಡಿ. ಇದನ್ನು ಹರವಿನಿಂದ ಭಾಗಿಸಿದರೆ ಸರಾಸರಿ ಆಳವು ೩೨ ಅಡಿಯಷ್ಟೇ ಆಗುತ್ತದೆ. ಕಡಲೆಂದು ಕರೆದರೂ ಇದು ಅಗಲವಾದ, ಆಳವಿಲ್ಲದ ಕಡಲು. ಇದರ ಭಾಗ್ಯವೂ ಇದೇ, ದೌರ್ಭಾಗ್ಯವೂ ಇದೇ ಎಂಬುದು ಮುಂದೆ ತಿಳಿಯುವುದು.

ಈಗ ನೀರಿನ ಸ್ವಭಾವವನ್ನು ಕುರಿತು ಎರಡು ಮಾತು. ಬಿಸಿಲಿಗೆ ಮೇಲಿನ ನೀರು ಕಾಯುತ್ತದೆ, ಕಾದುದು ಹಗುರವಾಗುತ್ತದೆ, ಹಗುರವಾದುದು ಮೇಲೆಯೇ ನಿಲ್ಲುತ್ತದೆ. ಕೆಳಗಿನ ತಣ್ಣನೆಯ ನೀರು ಭಾರವಾಗಿ ತಳದಲ್ಲಿ ಉಳಿಯುತ್ತದೆ. ಗಾಳಿ ಬೀಸದಿದ್ದರೆ ಎಣ್ಣೆಯೂ ನೀರೂ ಇದ್ದಂತೆ ಎರಡು ಪದರಗಳಾಗುವುವು. ಚಳಿದೇಶಗಳಿಗಿಂತ ನಮ್ಮಲ್ಲಿ ಇದು ಸುಲಭ. ಏಕೆಂದರೆ ೫ ಡಿಗ್ರಿಯಿಂದ ೬ಕ್ಕೆ ಕಾದಾಗ ನೀರು ಎಷ್ಟು ಹಗುರವಾಗುವುದೋ, ೨೫ರಿಂದ ೨೬ಕ್ಕೆ ಕಾದಾಗ ಅದರ ಹತ್ತರಷ್ಟು ಹಗುರವಾಗುವುದು. ಪ್ರಾಣವಾಯುವಾದರೋ ಮೇಲಿನಿಂದಲೇ ಬರಬೇಕು. ಒಂದು ಲೀಟರು ಗಾಳಿಯಲ್ಲಿರುವ ಪ್ರಾಣವಾಯುವಿನ ಮೂವತ್ತರಲ್ಲಿ ಒಂದು ಪಾಲೂ ಒಂದು ಲೀಟರು ನೀರಿನಲ್ಲಿ ಕರಗಿರುವುದಿಲ್ಲ. ನಿಶ್ಚಲವಾದ ನೀರಿನಲ್ಲಿ ಅದು ಕೆಳಗಿಳಿಯುವ ವೇಗ ಗಾಳಿಯಲ್ಲಿ ಹರಡುವ ವೇಗದ ಹತ್ತುಸಾವಿರದಲ್ಲಿ ಒಂದು ಪಾಲು. ಅಂದಮೇಲೆ ತಳಕ್ಕೆ ಪ್ರಾಣವಾಯುವನ್ನು ಹೊತ್ತೊಯ್ಯುವವರು ಇಬ್ಬರೇ: ಗಾಳಿ ಮತ್ತು ಪ್ರವಾಹ. ಇವರಿಬ್ಬರೂ ಸುಮ್ಮನಾದರೆ ತಳದಲ್ಲಿ ಕೊಳೆಯುವ ಎಲೆ, ಸತ್ತ ಪಾಚಿ, ಊರ ಕಸ ಇವು ಇದ್ದಬದ್ದ ಪ್ರಾಣವಾಯುವನ್ನು ತಿಂದು ಮುಗಿಸುವುವು. ಆಮೇಲೆ ಅಲ್ಲಿ ಹುಟ್ಟುವುದು ಕೊಳೆತ ಮೊಟ್ಟೆಯ ನಾತದ ಗಂಧಕವಾಯು. ಮೋಡ ಮುಚ್ಚಿದ ನಸುಕಿನಲ್ಲಿ ಕೆರೆಯ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುವುದನ್ನು ನಮ್ಮ ಬೆಸ್ತರು ನೋಡಿಯೇ ಇರುತ್ತಾರೆ. ಅವು ಉಸಿರಿಗಾಗಿ ಬಂದುವೆಂದು ಅವರಿಗೆ ಯಾವ ಪುಸ್ತಕವೂ ಹೇಳಬೇಕಾಗಿಲ್ಲ.

ಬೆಸ್ತರ ಜ್ಞಾನದ ಮಾತು ಬಂದುದರಿಂದ ಒಂದು ಪರದೇಶದ ವೃತ್ತಾಂತ. ೧೬೭೯ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿದ್ದ ಮಾರ್ಸಿಲಿ ಎಂಬ ಇಟಲಿಯ ತರುಣನು, ಬಾಸ್ಫರಸ್ ಜಲಸಂಧಿಯಲ್ಲಿ ಮೇಲಿನ ಪ್ರವಾಹ ಒಂದು ದಿಕ್ಕಿಗೆ ಹರಿದರೆ ಕೆಳಗಿನದು ಎದುರು ದಿಕ್ಕಿಗೆ ಹರಿಯುವುದೆಂದು ಅಲ್ಲಿಯ ಬೆಸ್ತರಿಂದ ಕೇಳಿದನು. ಆಳದಲ್ಲಿ ಬಿಟ್ಟ ಬಲೆಗಳು ಮೇಲಿನ ಸೆಳವಿಗೆ ವಿರುದ್ಧವಾಗಿ ಎಳೆಯುತ್ತಿದ್ದುವಂತೆ. ಅವನು ಅದನ್ನು ಅಳೆದು, ಪೆಟ್ಟಿಗೆಯೊಂದರಲ್ಲಿ ಉಪ್ಪುನೀರನ್ನೂ ಸಿಹಿನೀರನ್ನೂ ತುಂಬಿ ನಡುವಿನ ತಡೆಯಲ್ಲಿ ಕಿಂಡಿ ತೆರೆದು, ಭಾರವಾದುದು ಕೆಳಗಿನಿಂದಲೂ ಹಗುರವಾದುದು ಮೇಲಿನಿಂದಲೂ ಹಾಯುವುದನ್ನು ತೋರಿಸಿಕೊಟ್ಟನು. ಹೀಗೆ ಕೆಳಗಿನಿಂದ ಸೇರಿದ ಉಪ್ಪುನೀರು ಕಪ್ಪುಸಮುದ್ರದ ತಳದಲ್ಲಿ ಕೂತುಬಿಟ್ಟಿದೆ. ನದಿಗಳು ತಂದ ಸಿಹಿನೀರು ಅದರ ಮೇಲೆ ತೇಲುತ್ತದೆ. ಎರಡೂ ಬೆರೆಯವು. ಪರಿಣಾಮವಾಗಿ ಸುಮಾರು ೫೦೦-೬೫೦ ಅಡಿಗಳಿಂದ ಕೆಳಗೆ, ಎಂದರೆ ಆ ಸಮುದ್ರದ ನೀರಿನ ಹತ್ತರಲ್ಲಿ ಒಂಬತ್ತು ಪಾಲಿನಲ್ಲಿ, ಮೀನಿಲ್ಲ, ಹುಳುವಿಲ್ಲ. ಗಂಧಕವಾಯುವಿದೆ, ಅದನ್ನು ಸಹಿಸುವ ಸೂಕ್ಷ್ಮಜೀವಿಗಳಿವೆ. ಬೇರೆ ಬಗೆಯ ದುರ್ದೆಶೆ ಮಧ್ಯ ಏಷ್ಯದ ಅರಾಲ್ ಸಮುದ್ರದ್ದು. ೧೯೬೦ರಿಂದ ಅದರ ಎರಡು ನದಿಗಳನ್ನು ಹತ್ತಿಯ ಹೊಲಗಳಿಗೆ ತಿರುಗಿಸಿದರು; ೧೯೮೭ರ ಹೊತ್ತಿಗೆ ಅದು ಎರಡು ತುಂಡಾಯಿತು. ೨೦೦೫ರಲ್ಲಿ ಕೋಕರಾಲ್ ಎಂಬಲ್ಲಿ ಒಡ್ಡು ಕಟ್ಟಿ ಉತ್ತರದ ತುಂಡಿಗೆ ಸಿರ್‌ದರಿಯಾ ನದಿಯ ನೀರನ್ನು ಹಿಡಿದುಕೊಟ್ಟ ಮೇಲೆ ಅಲ್ಲಿ ಉಪ್ಪು ಇಳಿದು ಮೀನು ಮರಳಿತು. ದಕ್ಷಿಣದ ತುಂಡು ಬಹುತೇಕ ಮರುಭೂಮಿ.

ಪಂಪಾಸಾಗರವು ಇವೆರಡರ ಹಾಗಲ್ಲದಿರುವುದು ನಮ್ಮ ಪುಣ್ಯ. ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು ೧೯೭೦ರ ದಶಕದಲ್ಲಿ ಈ ಯೋಜನೆಗೆ ಲೆಕ್ಕಹಾಕಿದ ನೀರು ವರ್ಷಕ್ಕೆ ೨೩೦ ಶತಕೋಟಿ ಘನ ಅಡಿ. ಅದರಲ್ಲಿ ೧೮ ಆವಿಯಾಗಿಯೇ ಹೋಗುವುದೆಂದು ತೆಗೆದಿಟ್ಟಿದ್ದಾರೆ. ಈಗಿನ ಧಾರಣೆಯ ಎರಡು ಪಾಲಿಗಿಂತ ಹೆಚ್ಚು ನೀರು ವರ್ಷದಲ್ಲಿ ಇದರ ಮೂಲಕ ಹಾದುಹೋಗುತ್ತದೆಂದಾಯಿತು. ಮಲೆನಾಡಿನ ಮಳೆಯ ನೆರೆ ಜೂನ್ ಜುಲೈ ತಿಂಗಳುಗಳಲ್ಲಿ ಬಂದು ನುಗ್ಗುವಾಗ ಪಶ್ಚಿಮದ ಗಾಳಿಯೂ ಜೊತೆಗೆ ಬೀಸುತ್ತದೆ. ಆಳವಿಲ್ಲದ ವಿಸ್ತಾರದ ಮೇಲೆ ಗಾಳಿಯ ಕೈ ತಳದವರೆಗೂ ನೀಳುತ್ತದೆ. ಇದು ಭಾಗ್ಯ. ನಿಜವಾಗಿ ನೋಡಿದರೆ ಇದು ಸಮುದ್ರಕ್ಕಿಂತ ನಿಧಾನವಾಗಿ ನಡೆಯುವ ನದಿಯೆಂದರೇ ಸರಿ. ತೊಂದರೆಯಿರುವುದು ಮಳೆಗಾಲ ಕಳೆದ ಮೇಲೆ. ಆಗ ಜಲಾಶಯ ತುಂಬಿದೆ, ಗಾಳಿ ಇಳಿದಿದೆ, ಬಿಸಿಲು ಮರಳಿದೆ, ಒಳಹರಿವು ಸಣ್ಣದಾಗಿದೆ. ಅಣೆಯ ಬಳಿಯ ಹಳೆಯ ಹೊಳೆಪಾತ್ರದ ಮಡುಗಳಿಗೂ, ಹಿನ್ನೀರಿನ ಕೊಲ್ಲಿಗಳಿಗೂ ಪ್ರವಾಹವು ಮುಟ್ಟುವುದಿಲ್ಲ.

ಇಂಥ ದಿನಗಳಲ್ಲಿಯೇ ನೀರು ಹಸಿರುಗಟ್ಟುವುದು. ಇತ್ತೀಚಿನ ವರ್ಷಗಳಲ್ಲಿ ಪಂಪಾಸಾಗರದ ನೀರು ಹಸಿರು ಬಣ್ಣ ತಾಳಿತೆಂಬ ವಾರ್ತೆಯನ್ನು ವಾಚಕರು ಒಂದಕ್ಕಿಂತ ಹೆಚ್ಚು ಬಾರಿ ಓದಿರಬಹುದು. ಇದು ನೀಲಹಸಿರು ಪಾಚಿಯ ಕೆಲಸ. ಈ ಜೀವಿಯ ಕಣಗಳೊಳಗೆ ಸೂಕ್ಷ್ಮವಾದ ಗಾಳಿಚೀಲಗಳಿದ್ದು, ನಿಶ್ಚಲವಾದ ನೀರಿನಲ್ಲಿ ಅದು ಮೇಲಕ್ಕೆ ತೇಲಿ ಬಿಸಿಲನ್ನು ತಾನೇ ಕಬಳಿಸುತ್ತದೆ. ತೇಲಲಾರದ ಬೇರೆ ಪಾಚಿಗಳು ಕೆಳಗೆ ಮುಳುಗುವುವು. ಗಾಳಿ ಎದ್ದು ನೀರು ಮಗುಚಿತೆಂದರೆ ಇದರ ಈ ಅನುಕೂಲ ತಪ್ಪುತ್ತದೆ. ಇದರ ಕೆಲವು ಜಾತಿಗಳು ವಿಷವನ್ನು ಸ್ರವಿಸುವುದರಿಂದ ಕುಡಿಯುವ ನೀರಿನ ವಿಷಯದಲ್ಲಿ ಅಲಕ್ಷ್ಯ ಸಲ್ಲದು. ಪಾಚಿಗೆ ಆಹಾರವಾದರೋ ಶಿವಮೊಗ್ಗ, ಭದ್ರಾವತಿ, ಹರಿಹರ ಮೊದಲಾದ ಮೇಲಿನ ಊರುಗಳ ಚರಂಡಿಗಳಿಂದಲೂ ಗದ್ದೆಗಳ ಗೊಬ್ಬರದಿಂದಲೂ ಬರುವ ಸಾರಜನಕ ಮತ್ತು ರಂಜಕ.

ರಂಜಕದ ವಿಷಯದಲ್ಲಿ ನಮ್ಮ ಸೀಮೆಗೆ ಹೊಂದುವ ಒಂದು ಸ್ವಾರಸ್ಯವಿದೆ. ಇಂಗ್ಲೆಂಡಿನ ಮಾರ್ಟಿಮರ್ ಎಂಬ ವಿಜ್ಞಾನಿಯು ೧೯೪೧-೪೨ರಲ್ಲಿ ಪ್ರಕಟಿಸಿದ ಶೋಧದಂತೆ, ಸರೋವರದ ತಳದ ಮಣ್ಣಿನಲ್ಲಿ ಪ್ರಾಣವಾಯುವಿರುವವರೆಗೆ ಕಬ್ಬಿಣದ ತುಕ್ಕು ರಂಜಕವನ್ನು ಹಿಡಿದಿಟ್ಟುಕೊಂಡಿರುತ್ತದೆ. ಪ್ರಾಣವಾಯು ತೀರಿತೆಂದರೆ ತುಕ್ಕು ಕರಗಿ ಹಿಡಿತ ಸಡಿಲುತ್ತದೆ. ರಂಜಕವು ನೀರಿಗೆ ಬಿಡುಗಡೆಯಾಗುತ್ತದೆ. ಕೆಮ್ಮಣ್ಣಿನ ನಾಡಿನ ಹೊಳೆಗಳು ಕಬ್ಬಿಣಕ್ಕೆ ಬಡವಾದುವಲ್ಲ. ಆದುದರಿಂದ ತಳವನ್ನು ಉಸಿರಾಡುವಂತೆ ಇಟ್ಟರೆ ನಮ್ಮ ಕೆಮ್ಮಣ್ಣೇ ಕಾವಲುಗಾರ; ಉಸಿರುಕಟ್ಟಿಸಿದರೆ ಅದೇ ಕಾವಲುಗಾರ ಕಳ್ಳನಿಗೆ ಬಾಗಿಲು ತೆರೆಯುವನು.

ಹೂಳಿನ ಕಥೆಯೂ ನೀರಿನ ಚಲನೆಯ ಕಥೆಯೇ. ೧೩೨ರಷ್ಟಿದ್ದ ಧಾರಣೆಯು ೨೦೦೮ರ ಅಳತೆಯಲ್ಲಿ ೧೦೦.೮೫೫ಕ್ಕೆ ಇಳಿದಿತ್ತು, ೨೦೧೬ರ ಅಳತೆಯಲ್ಲಿ ೧೦೫.೭೮೮ ಎಂದು ಬಂದಿತು. ಹೂಳು ತಾನಾಗಿ ಎದ್ದುಹೋಯಿತೆಂದು ಯಾರೂ ಸಂತೋಷಪಡಬೇಕಾಗಿಲ್ಲ. ಅದು ಅಳೆಯುವ ಕ್ರಮದ ಭೇದವೆಂದೇ ತಿಳಿಯಬೇಕು. ಸರಾಸರಿ ಆಳ ಈಗ ೨೬ ಅಡಿ. ನೆರೆಯ ನೀರು ಹೂಳಿನಿಂದ ಭಾರವಾಗಿರುವುದರಿಂದ ಒಮ್ಮೊಮ್ಮೆ ಮೇಲೆ ಬೆರೆಯದೆ ಹಳೆಯ ಹೊಳೆಪಾತ್ರವನ್ನೇ ಹಿಡಿದು ತಳದಲ್ಲಿ ಹಾವಿನಂತೆ ಹರಿಯುತ್ತದೆ. ಜಿನೀವಾ ಸರೋವರಕ್ಕೆ ಇಳಿಯುವ ರೋನ್ ನದಿಯಲ್ಲಿ ಇದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಫೋರೆಲ್ ಎಂಬ ಪಂಡಿತನು ವರ್ಣಿಸಿದ್ದನು. ಅಮೆರಿಕದ ಹೂವರ್ ಅಣೆಕಟ್ಟಿನಲ್ಲಿ ೧೯೩೫ರಲ್ಲಿ ಮೇಲಿನ ನೀರು ತಿಳಿಯಾಗಿದ್ದರೂ ಕೆಳಗಿನ ಕಂಡಿಯಿಂದ ಕೆಸರುನೀರು ಹೊರಬಂದು ಎಂಜಿನಿಯರುಗಳನ್ನು ಬೆರಗುಗೊಳಿಸಿತು. ಹೂಳು ಅಣೆಯನ್ನು ಮುಟ್ಟುವ ಹೊತ್ತಿಗೆ ತಳದ ಕಂಡಿ ತೆರೆದಿದ್ದರೆ ಅದರ ಒಂದು ಪಾಲಾದರೂ ಹೊರಗೆ ಹೋದೀತು. ಮುಚ್ಚಿದ್ದರೆ ಅಲ್ಲಿಯೇ ಮಲಗುವುದು. ತೂಬಿನ ಮಹಿಮೆ ಇದು. ಆದರೆ ನಮ್ಮ ದೊಡ್ಡ ಅಣೆಯ ನೆರೆಯ ನೀರು ಹೊರಹೋಗುವುದು ಮುಖ್ಯವಾಗಿ ನೆತ್ತಿಯ ೩೩ ಬಾಗಿಲುಗಳಿಂದ. ಅವು ಕೋಡಿಯ ಸ್ಥಾನದಲ್ಲಿರತಕ್ಕವು.

೨೦೨೪ನೆಯ ಇಸವಿಯ ಆಗಸ್ಟ್ ೧೦ರ ರಾತ್ರಿ ಅವುಗಳಲ್ಲಿ ೧೯ನೆಯ ಬಾಗಿಲಿನ ಸರಪಳಿ ಕಡಿದು, ಬಾಗಿಲೇ ಕೊಚ್ಚಿಹೋದುದು ಎಲ್ಲರಿಗೂ ತಿಳಿದ ಸಂಗತಿ. ಒತ್ತಡ ತಗ್ಗಿಸಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ತುಂಬಿ ನಿಂತಿದ್ದ ನೀರಿನ ದೊಡ್ಡ ಪಾಲು ಹರಿದುಹೋದ ಮೇಲೆ, ವಾರದೊಳಗೆ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಇಳಿಸಿ ತಡೆದರು. ಆ ವಾರ ನಮ್ಮ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ದೈವಕೃಪೆಯಿಂದ ಮಳೆ ಮತ್ತೆ ಬಂದು ಜಲಾಶಯ ತುಂಬಿತು. ೨೦೨೫ರ ಮಳೆಗಾಲದಲ್ಲಿ ಹಳೆಯ ಬಾಗಿಲುಗಳ ಭಯದಿಂದ ಸಂಗ್ರಹವನ್ನು ಸುಮಾರು ೮೦ ಶತಕೋಟಿ ಘನ ಅಡಿಗೆ ಮಿತಗೊಳಿಸಿದರು. ರೈತರಿಗೆ ಇದರಿಂದಾದ ನಷ್ಟವನ್ನು ಎಲ್ಲರೂ ಎತ್ತಿ ಆಡಿದರು, ಆಡತಕ್ಕದ್ದೇ. ಮಟ್ಟ ತಗ್ಗಿದಾಗ ಹಿನ್ನೀರಿನ ಅಂಚಿನಲ್ಲಿ ಮೀನು ಮೊಟ್ಟೆಯಿಡುವ ನೆರಳುನೀರು ಎಷ್ಟು ಒಣಗಿತು, ತಳ ಎಷ್ಟು ಕದಡಿತು ಎಂಬುದನ್ನು ಕೇಳಿದವರು ವಿರಳ. ೧೯೬೯ರಷ್ಟು ಹಿಂದೆಯೇ ಕೇಂದ್ರದ ಒಳನಾಡು ಮೀನುಗಾರಿಕಾ ಸಂಶೋಧನಾಲಯದ ಪಂಡಿತರು ಈ ಜಲಾಶಯದ ನೀರನ್ನೂ ಮೀನುಗಾರಿಕೆಯನ್ನೂ ಕುರಿತು ಗ್ರಂಥವನ್ನೇ ಪ್ರಕಟಿಸಿದ್ದರೆಂಬುದನ್ನು ನೆನೆದರೆ ಈ ಮೌನ ಸೋಜಿಗವೆನಿಸುತ್ತದೆ.

ನಮ್ಮ ಸಂಡೂರಿಗೆ ಸಂಬಂಧಿಸಿದ ಮಾತನ್ನು ಬಿಡುವಂತಿಲ್ಲ. ಕಣಿವೆಯ ನೀರನ್ನೆಲ್ಲ ಕೂಡಿಸಿಕೊಂಡು ಗಂಡಿಯನ್ನು ಸೀಳಿ ಹೊರಡುವ ನಾರಿಹಳ್ಳಕ್ಕೆ ತಾರಾನಗರದ ಬಳಿ ಅಣೆಯಿದೆ. ಗಣಿಗಳ ಕೆಂಧೂಳು ಮಳೆಯೊಡನೆ ಅದರಲ್ಲಿಳಿದು ನೀರನ್ನು ಕುಂಕುಮದ ನೀರಿನಂತೆ ಮಾಡಿದ ವರ್ಷಗಳನ್ನು ಮರೆತವರಿಲ್ಲ. ನವುರಾದ ಕೆಂಪುಕಣವು ಬೇಗ ತಳಕ್ಕೆ ಕೂರುವುದಿಲ್ಲ. ಅದು ಬಿಸಿಲನ್ನು ಮೇಲೆಯೇ ಹೀರಿಕೊಳ್ಳುವುದರಿಂದ ಮೇಲಿನ ಪದರ ಮತ್ತಷ್ಟು ಕಾಯುತ್ತದೆ. ಬೆಳಕು ಕೆಳಗಿಳಿಯದುದರಿಂದ ಆಳದ ಗಿಡಪಾಚಿಗಳು ಪ್ರಾಣವಾಯುವನ್ನು ಮಾಡಲಾರವು. ಪದರಗಳ ಬೇರ್ಪಾಡು ಹೀಗೆ ಗಟ್ಟಿಯಾಗುತ್ತದೆ. ೨೦೧೧ನೆಯ ಇಸವಿಯ ಜುಲೈ ೨೯ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದು, ೨೦೧೩ರ ತೀರ್ಪಿನಲ್ಲಿ ನಿಬಂಧನೆಗಳೊಡನೆ ಅನುಮತಿಸಿತು. ಹಳ್ಳದ ಬಣ್ಣವು ಆ ನಿಬಂಧನೆಗಳ ಪಾಲನೆಗೆ ಸಾಕ್ಷಿಯೆಂದು ನಾನು ಭಾವಿಸುತ್ತೇನೆ. ಮಳೆ ಬಂದ ಮರುದಿನ ಸೇತುವೆಯ ಮೇಲೆ ನಿಂತು ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಅಣೆಯ ಕೆಳಗಿನ ಹೊಳೆಯ ಸ್ಥಿತಿ ಬೇರೆ. ತಳದ ಕಂಡಿಗಳಿಂದ ತಣ್ಣಗೆ, ಉಸಿರು ಕಡಮೆಯಾಗಿ ಹೊರಬಿದ್ದ ನೀರೂ ಹಂಪೆಯ ಬಂಡೆಗಳ ಸಂದಿಯಲ್ಲಿ ಮುರಿದು, ನೊರೆಯಾಗಿ, ಚಕ್ರತೀರ್ಥದಲ್ಲಿ ತಿರುಗಿ ಮತ್ತೆ ಪ್ರಾಣವಾಯುವನ್ನು ತುಂಬಿಕೊಳ್ಳುತ್ತದೆ. ನೂರಾರು ಬಂಡೆಗಳು ನೂರಾರು ಕಡೆಗೋಲುಗಳಂತೆ ಅದನ್ನು ಕಡೆಯುವುವು. ಈ ಕಡೆತದ ನೀರಿನಲ್ಲಿಯೇ ನೀರುನಾಯಿಗಳು ಮೀನು ಹಿಡಿದು ಮರಿ ಸಾಕುತ್ತಿವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ೩೪ ಕಿಲೋಮೀಟರು ಹೊಳೆಯನ್ನು ೨೦೧೫ರಲ್ಲಿ ಸರಕಾರವು ಅವುಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಕಾಲುವೆಗಳಿಗೆಲ್ಲ ಕೊಟ್ಟು ಹೊಳೆಗೆ ಏನೂ ಉಳಿಯದ ಬೇಸಿಗೆಯಲ್ಲಿ ಬಂಡೆಗಳು ಒಣಗಿ, ಮಡುಗಳು ಒಂದಕ್ಕೊಂದು ಸಂಬಂಧ ಕಡಿದುಕೊಂಡು ಪಾಚಿಗಟ್ಟುವುವು; ಆಗ ನೀರುನಾಯಿಗೂ ಹರಿಗೋಲಿನ ಅಂಬಿಗನಿಗೂ ಕಷ್ಟ ಒಂದೇ.

ಜಲಾಶಯದ ಬಗ್ಗೆ 'ಮಟ್ಟ ಇಷ್ಟು, ಸಂಗ್ರಹ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು' ಎಂಬ ನಾಲ್ಕು ಅಂಕಗಳನ್ನು ನಾವು ದಿನವೂ ಪತ್ರಿಕೆಯಲ್ಲಿ ಓದುತ್ತೇವೆ. ಕಳೆದ ಧಾರಣೆಗೆ ಪ್ರತಿಯಾಗಿ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವ ಸೂಚನೆಯ ಚರ್ಚೆಯೂ ಈ ನಾಲ್ಕು ಅಂಕಗಳ ಸುತ್ತಲೇ ನಡೆದಿದೆ. ಹತ್ತು ಅಡಿಗೊಂದರಂತೆ ನೀರಿನ ಶಾಖವನ್ನೂ ಪ್ರಾಣವಾಯುವನ್ನೂ ಅಳೆದು ತಿಂಗಳಿಗೊಮ್ಮೆ ಐದನೆಯ ಸಾಲಾಗಿ ಅಚ್ಚುಹಾಕುವುದಕ್ಕೆ ಒಂದು ದೋಣಿ, ಒಂದು ಹಗ್ಗ, ಒಂದು ಸಣ್ಣ ಯಂತ್ರ, ಓದುಬರಹ ಬಲ್ಲ ಇಬ್ಬರು ತರುಣರು ಸಾಕು. ಹೊಸಪೇಟೆಯ ಕಾಲೇಜುಗಳಲ್ಲಿ ಅಂಥ ತರುಣರಿಗೆ ಕೊರತೆಯಿಲ್ಲ. ಮಳೆಗಾಲ ಕಳೆದ ಕಾರ್ತಿಕಮಾಸವೇ ಆ ಅಳತೆಗೆ ತಕ್ಕ ಕಾಲ.